ಗೋಡೆಯವಳ ತಾಯಿ

ಜನವರಿ 9

ಮಾವ,

ನಮಸ್ಕಾರ. ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಜಗಳದ ವಿಷಯ ಮುಗಿಸೋಣ.

ಗುಲಾಬಿ ಸಂಘದ ಕಾರ್ಯದರ್ಶಿಯಿಂದ ಕಾಗದ ಬಂದಿದೆ. ಹಳೆಯ ಮಿಶ್ರತಳಿ ಬಳ್ಳಿಗುಲಾಬಿಗಳ ವಂಶಾವಳಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದಾರಂತೆ. ಯಾವ ಬಳ್ಳಿಗೆ ಯಾವುದು ತಾಯಿ, ಯಾವುದು ತಂದೆ, ಪರಾಗ ಕೂಡಿಸಿದ ಕೈ ಯಾರದು, ಎಲ್ಲವೂ ಇರುತ್ತದೆ. ಅದರಲ್ಲಿ ಹಿತ್ತಲಿನ ಗೋಡೆಗೆ ಹಬ್ಬಿರುವ ನಮ್ಮ ಗೋಡೆಯವಳಿಗೂ ಅರ್ಧ ಪುಟ ಕೊಟ್ಟಿದ್ದಾರೆ. ಅಪ್ಪ ಜೀವಮಾನವಿಡೀ ಹೂವಿಗೆ ಹೂವು ಕೂಡಿಸಿ ಬೆಳೆಸಿದ್ದರಲ್ಲಿ ಇವತ್ತಿಗೆ ಉಳಿದಿರುವವಳು ಅವಳೊಬ್ಬಳೇ. ಉಳಿದವೆಲ್ಲ ಹುಳ, ಬಿಸಿಲು ಮತ್ತು ಗಿರಾಕಿಗಳ ಅಸಡ್ಡೆಯಲ್ಲಿ ಹೋದವು.

ಸಂಘದ ಹಳೆಯ ದಾಖಲೆಯಲ್ಲಿ ಅಪ್ಪ ಬರೆಸಿರುವುದು ಹೀಗೆ: ತಾಯಿ, ಕಾಡು ಬಿಳಿ. ತಂದೆ, ಕುಂಡದ ಕೆಂಪು. ಈಗ ನೀವು ಕಾರ್ಯದರ್ಶಿಗೆ ನಾಲ್ಕು ಪುಟ ಬರೆದಿದ್ದೀರಂತೆ. ತಾಯಿ ಕಾಡು ಬಿಳಿ ಅಲ್ಲ, ನೀವು ಕೊಟ್ಟ ಬೆಳ್ಳಿಬಳ್ಳಿ, ಅಪ್ಪ ಬೇಕೆಂದೇ ನಿಮ್ಮ ಹೆಸರು ನುಂಗಿದ್ದಾರೆ ಅಂತ. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಆದರೆ ಅವರಿಗೂ ತಾಳ್ಮೆ ಅಂತ ಒಂದಿದೆ. ಏಪ್ರಿಲ್ ಮುಗಿಯುವುದರೊಳಗೆ ನೀವಿಬ್ಬರೂ ಒಂದು ಮಾತಿಗೆ ಬರದಿದ್ದರೆ 'ತಾಯಿ ಗೊತ್ತಿಲ್ಲ' ಎಂದು ಅಚ್ಚಾಗುತ್ತದೆ.

ಅಪ್ಪನಿಗೆ ಎಂಬತ್ನಾಲ್ಕು, ಮಾವ. ಇನ್ನೊಂದು ಪುಸ್ತಕ ಬರುವವರೆಗೆ ಕಾದಿರುವ ವಯಸ್ಸಲ್ಲ. ಇರುವ ಒಂದೇ ಮಗುವಿನ ಮುಂದೆ 'ತಾಯಿ ಗೊತ್ತಿಲ್ಲ' ಅಂತ ಬರೆಸಿಕೊಂಡು ಅವರು ಹೋಗಬೇಕೇ? ಅಮ್ಮ ಇದ್ದಾಗ ನಿಮ್ಮಿಬ್ಬರ ನಡುವೆ ಅವಳೇ ಓಡಾಡುತ್ತಿದ್ದಳು. ಈಗ ಅದು ನನ್ನ ತಲೆಗೆ ಬಿದ್ದಿದೆ. ನಿಮಗೆ ಫೋನ್ ಮಾಡಿದರೆ 'ಕೇಳಿಸ್ತಿಲ್ಲ' ಅಂತ ಇಟ್ಟುಬಿಡುತ್ತೀರಿ. ನಿಮ್ಮದು ಬೇಕಾದ್ದು ಮಾತ್ರ ಕೇಳಿಸುವ ಕಿವಿ ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕೇ ಈ ಕಾಗದ.

ನಾವೆಲ್ಲ ಕ್ಷೇಮ. ಅಪ್ಪ ಚೆನ್ನಾಗಿದ್ದಾರೆ.

ನಿಮ್ಮ
ಕತ್ತರಿ


ಜನವರಿ 20

ಕತ್ತರಿ,

ಕಾಗದ ಬಂತು. ಓದಿ ಮಡಿಸಿಟ್ಟೆ. ಮತ್ತೆ ತೆಗೆದು ಓದಿದೆ, ಮತ್ತೆ ಸಿಟ್ಟು ಬಂತು. ಚಿಕ್ಕಂದಿನಲ್ಲಿ ನಿನ್ನ ನಾಲಿಗೆ ನೋಡಿ ಕತ್ತರಿ ಎಂದು ಹೆಸರಿಟ್ಟವನು ನಾನೇ, ಅನುಭವಿಸುತ್ತಿದ್ದೇನೆ.

ಕಾಡು ಬಿಳಿಯಂತೆ! ಆ ಬೆಳ್ಳಿಬಳ್ಳಿಯ ಕಡ್ಡಿಗಳನ್ನು ನಾನು ತಂದದ್ದು ಹೇಗೆ ಎಂದು ನಿಮ್ಮಪ್ಪ ನಿನಗೆ ಯಾವತ್ತಾದರೂ ಹೇಳಿದ್ದಾರೆಯೇ? ಒಂದು ಹಳೇ ಬಂಗಲೆಯ ಒಡತಿಯನ್ನು ಕಾಡಿ ಬೇಡಿ, ಆಕೆಯ ಬಾವಿಗೆ ಹೊಸ ಹಗ್ಗ ಹಾಕಿಕೊಟ್ಟು, ನಾಲ್ಕೇ ನಾಲ್ಕು ಕಡ್ಡಿ ಪಡೆದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದವರು 'ಮಗು ಮಲಗಿದೆಯಾ?' ಅಂತ ಕೇಳಿದರು.

ನಿಮ್ಮ ಮನೆಯಲ್ಲಿದ್ದು ಭಾವನ ಹತ್ತಿರ ವರ್ಷಗಟ್ಟಲೆ ಕಸಿ ಕಲಿತವನು ನಾನು. ಅವರು ಪಕ್ಕದಲ್ಲಿ ನಿಲ್ಲದೆ ನಾನೊಬ್ಬನೇ ಹಾಕಿದ ಮೊದಲ ಕಸಿ ಅದು. ಹಿತ್ತಲಿನ ಗೋಡೆಯ ಬುಡದಲ್ಲಿ ಕಸಿಗೆಂದೇ ನೆಟ್ಟಿದ್ದ ಬೇರುಗಿಡದ ತೊಗಟೆ ಸೀಳಿ, ಬೆಳ್ಳಿಬಳ್ಳಿಯ ಚಿಗುರುವ ಕಣ್ಣನ್ನು ಅದರೊಳಗೆ ಕೂರಿಸಿ, ನಾರಿನಿಂದ ಕಟ್ಟಿ, ಮರುದಿನವೇ ಈ ಊರಿಗೆ ಕೆಲಸಕ್ಕೆ ಹೊರಟೆ. ಇಲ್ಲಿ ದೊಡ್ಡ ತೋಟ, ಗುರುತಿನವರು ಯಾರೂ ಇಲ್ಲ, ಮೇಸ್ತ್ರಿಗೆ ನಾನೆಂದರೆ ಅಷ್ಟಕ್ಕಷ್ಟೇ. ಮಾರನೇ ವರ್ಷ ಭಾವ ಒಂದೇ ಸಾಲು ಬರೆದರು: 'ಬಳ್ಳಿ ಗೋಡೆ ಹತ್ತಿದೆ.' ಆ ಕಾಗದ ಜೇಬಿನಲ್ಲಿಟ್ಟುಕೊಂಡೇ ನಾನು ಈ ಕೆಲಸದಲ್ಲಿ ನಿಂತೆ. ಇವತ್ತು ಇಲ್ಲಿ ಕಸಿ ಹಾಕುವ ಪ್ರತಿಯೊಬ್ಬನೂ ನನ್ನ ಕೈಯಿಂದ ಕಲಿತವನು.

ಮೂರನೇ ವರ್ಷ ರಜೆಯಲ್ಲಿ ಬಂದು ನೋಡುತ್ತೇನೆ, ನನ್ನ ಬಳ್ಳಿಯೇ ಇಲ್ಲ! ಬುಡಸಮೇತ ಕಿತ್ತಿದ್ದಾರೆ. ಅದೇ ಜಾಗದಲ್ಲಿ ಅದರ ಮಗಳು, ಈ ಗೋಡೆಯವಳು, ಮೊಣಕಾಲೆತ್ತರ ನಿಂತಿದ್ದಾಳೆ. ಯಾಕೆ ಕಿತ್ತಿರಿ ಅಂದರೆ 'ಹುಳ ಬಿತ್ತು' ಅಂದರು. ಯಾವ ಹುಳ ಅಂದರೆ ನೀರಿನ ಕೊಡ ಎತ್ತಿಕೊಂಡು ಹೋದರು. ಆಮೇಲೆ ಸಂಘದ ದಾಖಲೆ ಅಚ್ಚಾಗಿ ಬಂತು, 'ತಾಯಿ, ಕಾಡು ಬಿಳಿ'. ಸಾಕ್ಷಿಯನ್ನೂ ಕಿತ್ತರು, ಹೆಸರನ್ನೂ ಕಿತ್ತರು. ಬಾವಿಗೆ ಹಗ್ಗ ಹಾಕಿ ತಂದ ಬಳ್ಳಿಯನ್ನು ಬೇಲಿಯಲ್ಲಿ ಬೆಳೆದದ್ದು ಅನ್ನುವ ಹಾಗೆ ಬರೆಯಲು ಅವರಿಗೆ ಮನಸ್ಸಾದರೂ ಹೇಗೆ ಬಂತು?

ತಾಯಿ, ಬೆಳ್ಳಿಬಳ್ಳಿ. ಕೊಟ್ಟವನು, ಹೆಂಡತಿಯ ತಮ್ಮ. ಇಷ್ಟು ಬರೆಯಲಿ. ನಾನು ಸುಮ್ಮನಾಗುತ್ತೇನೆ.

ಮಾವ


ಫೆಬ್ರವರಿ 2

ಮಾವ,

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ರೈಲು, ಮಗು, ಹಗ್ಗ, ಹುಳ, ಒಂದಕ್ಷರ ಬಿಡದೆ ಓದಿದೆ. ಅವರು ಪೂರ್ತಿ ಕೇಳಿದರು. ಬಾವಿಯ ಹಗ್ಗದ ಮಾತು ಬಂದಾಗ ಸಣ್ಣದಾಗಿ ನಕ್ಕರು ಕೂಡ. ಆಮೇಲೆ ಹೇಳಿದ್ದು ಇಷ್ಟೇ:

"ಬರೆದಿದ್ದು ಬರೆದಾಯ್ತು."

"ಅಪ್ಪ, ಬೆಳ್ಳಿಬಳ್ಳಿ ಅಂತ ಬರೆಸಿದ್ರೆ ನಿಮಗೇನು ಕಳೆದುಹೋಗತ್ತೆ?"

"ಚಹಾ ಆರಿಹೋಗಿದೆ, ಬಿಸಿ ಮಾಡು."

ಇದು ನನ್ನ ಪಾಡು. ಅಲ್ಲಿ ನೀವು ಹಿಡಿದ ಮೊಲಕ್ಕೆ ಮೂರೇ ಕಾಲು, ಇಲ್ಲಿ ಇವರು ಹಿಡಿದ ಮೊಲಕ್ಕೆ ಕಾಲೇ ಇಲ್ಲ. ನಾನು ದಿನಕ್ಕೆ ಇನ್ನೂರು ಬೇರುಗಿಡಕ್ಕೆ ಕಸಿ ಹಾಕಬೇಕು, ಹಸಿರುಮನೆಯ ಹರಿದ ಪರದೆ ಹೊಲಿಯಬೇಕು, ಹೂ ಬಿಡಲಿಲ್ಲ ಅಂತ ಗಿಡ ವಾಪಸ್ ತಂದು ಜಗಳವಾಡುವವರಿಗೆ ಸಮಾಧಾನ ಹೇಳಬೇಕು. ಇಷ್ಟರ ಮಧ್ಯೆ ನಿಮ್ಮಿಬ್ಬರ ಈ ನಲವತ್ತು ವರ್ಷದ ಮುನಿಸು. ಅಮ್ಮ ಹೋದ ದಿನವೂ ನೀವು ಗೇಟಿನ ಹತ್ತಿರ ನಿಂತಿದ್ದವರು ಅಲ್ಲಿಂದಲೇ ಹೋದಿರಿ. ಅಪ್ಪ ಒಳಗಿನಿಂದ 'ಅವನು ಬಂದಿದ್ನಾ?' ಅಂತ ಎರಡು ಸಲ ಕೇಳಿದರು. ಇದನ್ನು ನಾನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಈಗ ಸಿಟ್ಟು ಬಂದಿದೆ, ಹೇಳುತ್ತಿದ್ದೇನೆ.

ಒಂದು ಗಿಡಕ್ಕೆ ಅಮ್ಮ ಯಾರು ಎಂಬುದಕ್ಕೆ ನನ್ನ ಅಮ್ಮನ ಸಾವಿಗೂ ಒಳಗೆ ಬರದವರು ನೀವು. ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳೋಣ ಅನ್ನಿಸುತ್ತದೆ. ಕೇಳುವುದಿಲ್ಲ, ದೊಡ್ಡವರು.

ಕತ್ತರಿ


ಫೆಬ್ರವರಿ 14

ಕತ್ತರಿ,

ಕೇಳುವುದಿಲ್ಲ ಅನ್ನುತ್ತಲೇ ಕೇಳಿದ್ದೀಯ. ಇರಲಿ.

ಮೊದಲು ಇದಕ್ಕೆ ಉತ್ತರ ಕೊಡು. 'ಓದಿ ಹೇಳಿದೆ' ಎಂದು ಬರೆದಿದ್ದೀಯ. ಯಾಕೆ ಓದಿ ಹೇಳಿದೆ? ಅವರ ಕೈಗೇ ಕೊಡಲು ಏನಾಗಿತ್ತು? ಕನ್ನಡಕ ಮುರಿದಿದ್ದರೆ ಮಾಡಿಸಿಕೊಡು.

ಇನ್ನು ವಿಷಯ. ನಿಮ್ಮಪ್ಪನ ಬಾಯಿಂದ ಮಾತು ಹೊರಡುವುದಿಲ್ಲ ಎಂದು ನನಗೆ ಗೊತ್ತಿದೆ. ಹಾಗಾದರೆ ಗಿಡವೇ ಹೇಳಲಿ. ಮೊದಮೊದಲ ಮಿಶ್ರ ಬಳ್ಳಿಗುಲಾಬಿಗಳ ವಂಶಾವಳಿ ಯಾವುದನ್ನಾದರೂ ತೆಗೆದು ನೋಡು, ಅರ್ಧಕ್ಕರ್ಧ 'ತಂದೆ ಗೊತ್ತಿಲ್ಲ' ಎಂದಿರುತ್ತದೆ. ಅದರಲ್ಲಿ ತಪ್ಪಿಲ್ಲ. ತಂದೆಯ ಕೆಲಸ ಜೇನುನೊಣದ್ದು, ಅದು ಯಾವ ಮನೆಯಿಂದ ಬಂತು ಎಂದು ಹಿಂದೆ ಓಡಿದವರಿಲ್ಲ. ಕೆಲವರು ಗೊತ್ತಿದ್ದೂ ಮುಚ್ಚಿಟ್ಟರು, ಪಕ್ಕದವನು ಅದನ್ನೇ ಮಾಡಿಯಾನು ಎಂದು. ಆದರೆ ತಾಯಿ ಗೊತ್ತಿಲ್ಲ ಅನ್ನುವುದು ನಾಚಿಕೆಗೇಡು! ಕಾಯಿ ಬಿಟ್ಟ ಗಿಡವೇ ತಾಯಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಗುಲಾಬಿಯ ಎಲೆತೊಟ್ಟು ಕಾಂಡಕ್ಕೆ ಸೇರುವ ಕಡೆ ಎರಡೂ ಪಕ್ಕ ಸಣ್ಣ ಹಸಿರು ರೆಕ್ಕೆ ಇರುತ್ತದೆ. ನಿನಗೆ ಗೊತ್ತಿರುವುದೇ, ಆದರೆ ನೀನು ಯಾವತ್ತೂ ನಿಂತು ನೋಡಿರಲಾರೆ. ಬೆಳ್ಳಿಬಳ್ಳಿಯದು ಕಿರಿದು, ಅಂಚು ನುಣುಪು. ಕುಂಡದ ಕೆಂಪಿನದೂ ನುಣುಪೇ. ಆದ್ದರಿಂದ ಮಗಳದೂ ನುಣುಪಾಗಿಯೇ ಇರಬೇಕು. ಕಾಡಿನ ಬಿಳಿ ಬಳ್ಳಿಗಳ ಕೆಲವು ಜಾತಿಗಳಲ್ಲಿ ಆ ರೆಕ್ಕೆಯ ಅಂಚು ಬಾಚಣಿಗೆಯ ಹಾಗೆ ಸೀಳಿರುತ್ತದೆ. ಆ ಬಾಚಣಿಗೆ ಎಂಥ ಹಟಮಾರಿ ಎಂದರೆ ಯಾರೊಂದಿಗೆ ಕೂಡಿಸಿದರೂ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ನಮ್ಮ ಮನೆತನದ ಮೂಗಿನ ಹಾಗೆ.

ಆಮೇಲೆ ಅದೇ ಬಂಗಲೆಯಿಂದ ಮತ್ತೆ ಕಡ್ಡಿ ತಂದು ನನ್ನ ಅಂಗಳದಲ್ಲಿ ಬೆಳೆಸಿದ ಬೆಳ್ಳಿಬಳ್ಳಿಯ ಎಲೆಯೊಂದನ್ನು ಒಣಗಿಸಿ ಇದರ ಜೊತೆ ಇಟ್ಟಿದ್ದೇನೆ. ನೀನು ಗೋಡೆಯವಳ ಎಲೆ ಕಳಿಸು, ಬುಡದ ರೆಕ್ಕೆ ಸಮೇತ. ನುಣುಪಾಗಿದ್ದರೆ ಕಾಡು ಬಿಳಿಯ ಕಥೆ ಅಲ್ಲಿಗೆ ಮುಗಿಯಿತು. ಎರಡನ್ನೂ ಕಾರ್ಯದರ್ಶಿಯ ಮೇಜಿನ ಮೇಲಿಡುತ್ತೇನೆ. ಬೇಕಿದ್ದರೆ ನಿಮ್ಮಪ್ಪನ ಮೇಜಿನ ಮೇಲೂ ಇಡುತ್ತೇನೆ.

ಮಾವ


ಮಾರ್ಚ್ 12

ಮಾವ,

ತಡವಾಯಿತು, ಕ್ಷಮಿಸಿ. ತೋಟದಲ್ಲಿ ಕೈತುಂಬ ಕೆಲಸ.

ಗೋಡೆಯವಳ ಎಲೆ ಈಗ ಕಳಿಸಲಾಗುವುದಿಲ್ಲ. ಸವರಿಬಿಟ್ಟಿದ್ದೇವೆ. ಉಳಿದ ನಾಲ್ಕು ಎಲೆಯನ್ನು ಪಕ್ಕದ ಮನೆಯ ಮೇಕೆ ನುಗ್ಗಿ ತಿಂದುಹಾಕಿತು.

ನಾನು ಯೋಚನೆ ಮಾಡಿದೆ. 'ತಾಯಿ ಗೊತ್ತಿಲ್ಲ' ಅಂತಲೇ ಅಚ್ಚಾಗಲಿ ಬಿಡಿ. ಅಷ್ಟು ಕೆಟ್ಟದಾಗಿ ಏನೂ ಕಾಣುವುದಿಲ್ಲ. ಹಳೆಯ ಬಳ್ಳಿಗಳಲ್ಲಿ ಇಂಥದು ಎಷ್ಟೋ ಇವೆ ಎಂದು ನೀವೇ ಬರೆದಿದ್ದೀರಿ. ಹೂವಿಗೆ ಇದರಿಂದ ಏನಾಗಬೇಕಾಗಿದೆ? ಅದರ ಪಾಡಿಗೆ ಅದು ಅರಳುತ್ತದೆ. ನಿಮಗೂ ವಯಸ್ಸಾಯಿತು, ರಕ್ತದೊತ್ತಡ ಬೇರೆ. ಇದನ್ನು ಇಲ್ಲಿಗೆ ಬಿಟ್ಟು, ಒಂದು ಸಲ ಸುಮ್ಮನೆ ಬಂದು ಹೋಗಿ.

ಕತ್ತರಿ


ಮಾರ್ಚ್ 20

ಕತ್ತರಿ!

ಮೇಕೆ? ಯಾವ ಮೇಕೆ? ನಿಮ್ಮ ಪಕ್ಕದ ಮನೆಯಲ್ಲಿರುವುದು ಹೊಲಿಗೆ ಅಂಗಡಿ. ಮಾರ್ಚ್ ತಿಂಗಳಲ್ಲಿ, ಹೂವಿಗೆ ಮುಂಚೆ, ವರ್ಷಕ್ಕೊಂದೇ ಸಲ ಹೂ ಬಿಡುವ ಬಳ್ಳಿಯನ್ನು ಸವರುತ್ತಾರೆಯೇ? ಸವರಿದರೆ ಆ ವರ್ಷದ ಹೂವೆಲ್ಲ ಕಸದ ಗುಂಡಿಗೆ. ನಿನ್ನ ಅಪ್ಪನ ಮಗಳಾಗಿ, ನನ್ನ ಸೊಸೆಯಾಗಿ ಇಂಥ ಸುಳ್ಳು ಹೇಳುತ್ತೀಯಾ? ಸುಳ್ಳು ಹೇಳುವುದಾದರೆ ಗಿಡ ಗೊತ್ತಿಲ್ಲದವರ ಹತ್ತಿರ ಹೇಳು.

ಈಗ ಅರ್ಥವಾಯಿತು. ನೀನು ಎಲೆ ನೋಡಿದ್ದೀಯ. ಅದು ನುಣುಪಾಗಿದೆ, ನನ್ನ ಬೆಳ್ಳಿಬಳ್ಳಿಯ ಹಾಗೆಯೇ ಇದೆ. ಅಪ್ಪನ ಮರ್ಯಾದೆ ಹೋಗುತ್ತದೆಂದು ಮುಚ್ಚಿಡುತ್ತಿದ್ದೀಯ. ಇಷ್ಟು ದಿನ ಇಲ್ಲದ್ದು ಈಗ ಒಮ್ಮೆಲೇ 'ಗೊತ್ತಿಲ್ಲ ಅಂತಲೇ ಅಚ್ಚಾಗಲಿ' ಎಂಬ ವೈರಾಗ್ಯ! ನನ್ನ ರಕ್ತದೊತ್ತಡದ ಚಿಂತೆ ಬೇರೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ.

ಇನ್ನೊಂದು. ಕಾಗದವನ್ನು ಯಾಕೆ ಓದಿ ಹೇಳಿದೆ ಎಂದು ಕೇಳಿದ್ದೆ. ಅದಕ್ಕೆ ಮೇಕೆಯ ಉತ್ತರವೂ ಬಂದಿಲ್ಲ.

ಎಲೆ ಕಳಿಸು. ಇಲ್ಲವಾದರೆ ಕಾರ್ಯದರ್ಶಿಯನ್ನೇ ನಿನ್ನ ಗೋಡೆಯ ಹತ್ತಿರ ಕಳಿಸುತ್ತೇನೆ.

ಮಾವ


ಏಪ್ರಿಲ್ 5

ಮಾವ,

ಎಲೆ ಇದರೊಳಗಿದೆ. ತೆಗೆದು ನೋಡುವ ಮುಂಚೆ ದಯವಿಟ್ಟು ಕೂತುಕೊಳ್ಳಿ.

ನುಣುಪಲ್ಲ. ಬಾಚಣಿಗೆ.

ಫೆಬ್ರವರಿಯಲ್ಲಿ ನೀವು ಎಲೆ ಕೇಳಿದ ಕಾಗದ ಬಂದ ದಿನವೇ ಹೋಗಿ ನೋಡಿದ್ದೆ. ನೀವು ಕಳಿಸಿದ ಎಲೆಯನ್ನು ಪಕ್ಕದಲ್ಲಿ ಹಿಡಿದೆ. ನಿಮ್ಮದರ ರೆಕ್ಕೆ ಇಸ್ತ್ರಿ ಮಾಡಿದ ಹಾಗೆ, ಇವಳದು ಹರಿದ ಸೆರಗಿನ ಹಾಗೆ. ಒಂದು ಎಲೆಯಲ್ಲ, ಬಳ್ಳಿಯ ಮೇಲಿನಿಂದ ಕೆಳಗಿನವರೆಗೆ ಎಲ್ಲ ಎಲೆಯೂ ಹೀಗೆಯೇ. ಅಂದರೆ ಬೆಳ್ಳಿಬಳ್ಳಿ ತಾಯಿಯಲ್ಲ, ಅಪ್ಪ ಬರೆದದ್ದೇ ಸರಿ ಎಂದು ಒಂದು ಗಳಿಗೆ ಖುಷಿಯೂ ಆಯಿತು. ಆದರೆ ಈ ಕಾಡು ಬಿಳಿ ಅನ್ನುವುದು ಯಾವುದು? ನಮ್ಮ ತೋಟದಲ್ಲಿ ಆ ಹೆಸರಿನ ಗಿಡವನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ತಲೆ ಕೆಟ್ಟು ಕಸಿಯ ಸಾಲಿಗೆ ವಾಪಸ್ ಬಂದು ಚಾಕು ಹಿಡಿದು ಬಗ್ಗಿದೆ. ಎದುರಿಗಿದ್ದ ಬೇರುಗಿಡದ ಎಲೆಯಲ್ಲಿ ಬಾಚಣಿಗೆ. ಪಕ್ಕದ್ದರಲ್ಲಿ ಬಾಚಣಿಗೆ. ಇಡೀ ಸಾಲಿನಲ್ಲಿ ಬಾಚಣಿಗೆ.

ಮಾವ, ಇಷ್ಟು ವರ್ಷ ದಿನಕ್ಕೆ ಇನ್ನೂರು ಸಲ ಅದರ ಮುಂದೆ ಬಗ್ಗಿದ್ದೇನೆ, ನೋಡಿರಲಿಲ್ಲ. ಬೇರುಗಿಡವನ್ನು ಯಾರು ನೋಡುತ್ತಾರೆ? ಕಸಿಗೆ ಕಾಲಾಗಿ ನಿಲ್ಲುವ ಮುಳ್ಳುಗಿಡ. ಕಸಿ ಹತ್ತಿದ ಮೇಲೆ ಅದರ ತಲೆ ಕತ್ತರಿಸುತ್ತೇವೆ, ಬುಡದಲ್ಲಿ ಚಿಗುರಿದರೆ ಕಿತ್ತು ಬಿಸಾಡುತ್ತೇವೆ. ಅದು ಹೂ ಬಿಡುವವರೆಗೆ ಬಿಟ್ಟವರೇ ಇಲ್ಲ. ಹೂವಿನ ಬಣ್ಣ ಯಾವುದು ಎಂದು ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಅದಕ್ಕೇ ಮೇಕೆಯ ಕಥೆ ಕಟ್ಟಿದೆ. ನೀವು ಅಂದುಕೊಂಡ ಹಾಗೆ ಅಪ್ಪನ ಮರ್ಯಾದೆ ಕಾಯಲು ಅಲ್ಲ. ನಿಮಗೆ ಹೇಗೆ ಹೇಳಲಿ ಎಂದು ತಿಳಿಯಲಿಲ್ಲ.

ಮೊನ್ನೆ ನಿಮ್ಮ ಬೈಗುಳದ ಕಾಗದ ಬಂದ ಮೇಲೆ ಎಲೆ ಕಿತ್ತುಕೊಂಡು ಅಪ್ಪನ ಹತ್ತಿರ ಹೋದೆ. ಈಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ. ಬೆಳಕು, ನೆರಳು, ಅಷ್ಟೇ. 'ಅವನಿಗೆ ಹೇಳ್ಬೇಡ, ಅಯ್ಯೋ ಪಾಪ ಅಂತ ಬಂದ್ರೆ ನನಗೆ ಬೇಡ' ಅಂದಿದ್ದರು. ಅದಕ್ಕೇ ಓದಿ ಹೇಳುತ್ತಿದ್ದೆ. ಎಲೆಯನ್ನು ಅವರ ಕೈಗೆ ಕೊಟ್ಟೆ. ಹೆಬ್ಬೆರಳನ್ನು ತೊಟ್ಟಿನ ಬುಡದವರೆಗೆ ತಂದು, ಅಲ್ಲಿ ನಿಲ್ಲಿಸಿ, ಕೇಳಿದರು:

"ಬಾಚಣಿಗೆ ಸಿಕ್ತಾ?"

"ಅಪ್ಪ, ಇದು ನಮ್ಮ ಬೇರುಗಿಡದ ಮಗಳಾ?"

"ಮಾವನಿಗೆ ಬರೆದ್ಯಾ?"

"ಇನ್ನೂ ಇಲ್ಲ."

"ಬರೀಬೇಡ."

ನಾನು ಬಿಡಲಿಲ್ಲ. ಚಹಾ ತಂದುಕೊಡಲೂ ಇಲ್ಲ. ಆಮೇಲೆ ಬಾಯಿಬಿಟ್ಟರು.

"ಅವನು ಕಟ್ಟಿದ ಗಂಟು ಸಡಿಲ ಇತ್ತು ಕಣೇ. ಮೂರು ವಾರ ಆದ್ಮೇಲೆ ಬಿಚ್ಚಿ ನೋಡಿದ್ರೆ, ಕಸಿಯ ಕಣ್ಣು ನೀರಿಳಿದು ಕಪ್ಪಾಗೋಗಿತ್ತು. ಬುಡದಲ್ಲಿ ಬೇರುಗಿಡ ಚಿಗುರಿತ್ತು. ಕಿತ್ತುಹಾಕಕ್ಕೆ ನಾಲ್ಕು ಸಲ ಹೋದೆ, ಕೈ ಬರ್ಲಿಲ್ಲ. ಅಲ್ಲೇನೋ ಬೆಳೀತಿದೆ ಅಂತ ನಿಮ್ಮಮ್ಮ ದಿನಾ ನೀರು ಹಾಕ್ತಿದ್ಲು, ತಮ್ಮನ ಬಳ್ಳಿ ಅಂತ. ಗೋಡೆ ಹತ್ತಿ ಹೂ ಬಿಡ್ತು ನೋಡು. ಎಂಥ ಬಿಳಿ! ಗೋಡೆ ಕಾಣ್ತಿರ್ಲಿಲ್ಲ. ಅಷ್ಟು ಹೂ ದಂಡ ಆಗತ್ತಲ್ಲ ಅಂತ ಕೆಂಪಿನ ಪರಾಗ ತಂದು ಕೂಡಿಸ್ದೆ."

"ಮಾವನಿಗೆ ಹೇಳಬಹುದಿತ್ತಲ್ಲ?"

"ಏನಂತ? ಮೊದಲನೇ ಕಸಿ, ಮೊದಲನೇ ಕೆಲಸ, ಗೊತ್ತಿಲ್ಲದ ಊರು. ನಿನ್ನ ಕಸಿ ಸತ್ತೋಯ್ತು ಅಂತ ಬರೆದಿದ್ರೆ ಚಾಕು ಬಿಸಾಕಿ ಮುಂದಿನ ರೈಲಿಗೆ ವಾಪಸ್ ಬರ್ತಿದ್ದ. ನಿನಗೆ ಗೊತ್ತಿಲ್ಲ ಅವನು. ಒಂದ್ಸಲ ಬೈದಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದ. ಅದಕ್ಕೆ ಬಳ್ಳಿ ಗೋಡೆ ಹತ್ತಿದೆ ಅಂತ ಮಾತ್ರ ಬರೆದೆ. ಹತ್ತಿತ್ತಲ್ಲ? ಅವನು ಬರ್ತೀನಿ ಅಂದಾಗ ಕಿತ್ತೆ. ಎಲೆ ನೋಡಿದ್ರೆ ಗೊತ್ತಾಗೋಗ್ತಿತ್ತು."

"ಹಾಗಾದ್ರೆ ದಾಖಲೇಲೂ ಬೆಳ್ಳಿಬಳ್ಳಿ ಅಂತ ಬರೆಸಿಬಿಡಬೇಕಿತ್ತು. ಜಗಳಾನೇ ಇರ್ತಿರ್ಲಿಲ್ಲ."

ಇದಕ್ಕೆ ಮಾತ್ರ ಅವರಿಗೆ ಸಿಟ್ಟು ಬಂತು. "ಅವನಿಗೋಸ್ಕರ ಬಾಯಿ ಮುಚ್ಕೋಬಹುದು. ಗಿಡದ ಬಗ್ಗೆ ಸುಳ್ಳು ಬರೆಯಕ್ಕಾಗಲ್ಲ. ಅದು ಕಾಡುಗಿಡ, ಹೂ ಬಿಳಿ. ಕಾಡು ಬಿಳಿ ಅಂತ ಬರೆದೆ. ಯಾವುದು ತಪ್ಪು?"

"ನಲವತ್ತು ವರ್ಷ ಕಳ್ಳ ಅನ್ನಿಸ್ಕೊಂಡ್ರಲ್ಲ ಅಪ್ಪ!"

"ಅಂದಿದ್ದು ಅವನೇ ತಾನೆ," ಅಂದರು. "ಹೊರಗಿನವರಾ?"

ಮಾವ, ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಮನುಷ್ಯ ಒಂದು ಮಾತು ಆಡಿದ್ದರೆ ಅಮ್ಮ ಅಷ್ಟು ವರ್ಷ ನಿಮ್ಮಿಬ್ಬರ ನಡುವೆ ಸವೆಯಬೇಕಿರಲಿಲ್ಲ. ನೀವು ಆ ಬಳ್ಳಿ ಕಿತ್ತ ಮಣ್ಣನ್ನು ನೋಡುವ ಬದಲು ಅವರ ಮುಖ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತೋ ಏನೋ. ಇಬ್ಬರಿಗೂ ಬೈಯಬೇಕು, ಯಾರಿಗೆ ಮೊದಲು ಬೈಯಲಿ ಎಂದು ಗೊತ್ತಾಗುತ್ತಿಲ್ಲ.

ಬರೀಬೇಡ ಅಂದಿದ್ದಾರೆ. ಬರೆದಿದ್ದೇನೆ. ಈ ಮನೆಯಲ್ಲಿ ಬಾಯಿ ಮುಚ್ಚಿಕೊಂಡವರು ಸಾಕು.

ಕತ್ತರಿ


ಏಪ್ರಿಲ್ 22

ಮಾವ,

ಉತ್ತರವಿಲ್ಲ. ಮೈಗೆ ಹುಷಾರಿದೆಯೇ? ನಿಮ್ಮ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಕಾರ್ಯದರ್ಶಿ ಮತ್ತೆ ಕೇಳಿದ್ದಾರೆ. ತಿಂಗಳು ಮುಗಿದರೆ ಆ ಪುಟ ಹಾಗೆಯೇ ಅಚ್ಚಿಗೆ ಹೋಗುತ್ತದೆ. ನಿಮಗೆ ಏನು ಬೇಕೋ ಅದನ್ನು ಬರೆಯಿರಿ. ಬೆಳ್ಳಿಬಳ್ಳಿ ಅಂತಲೇ ಬರೆಯಿರಿ, ನಾನು ಎಲೆಯ ವಿಷಯ ಯಾರಿಗೂ ಹೇಳುವುದಿಲ್ಲ. ಆದರೆ ಏನಾದರೂ ಬರೆಯಿರಿ.

ಗೋಡೆಯವಳು ಅರಳಿದ್ದಾಳೆ. ಗೊಂಚಲು ಗೊಂಚಲು, ಕಡುಗುಲಾಬಿ, ನಡುವೆ ಬಿಳಿ ಬೊಟ್ಟು. ಅಪ್ಪ ಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ, ದುಂಬಿಗಳ ಸದ್ದು ಕೇಳಲು. ನಾನು ನಿಮಗೆ ಬರೆದದ್ದು ಅವರಿಗೆ ಗೊತ್ತಾಗಿದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಗೇಟು ಸದ್ದಾದರೆ ಸಾಕು, 'ಅಂಚೆಯವನಾ?' ಅಂತ ಕೇಳುತ್ತಾರೆ. ಅಲ್ಲ ಅಂದರೆ, 'ನನಗೇನು, ಸುಮ್ನೆ ಕೇಳ್ದೆ' ಅನ್ನುತ್ತಾರೆ.

ನನಗೆ ಸಾಕಾಗಿದೆ, ಮಾವ.

ಕತ್ತರಿ


ಏಪ್ರಿಲ್ 27

ಭಾವ,

ಇದು ನಿಮಗೆ ಬರೆದ ಕಾಗದ. ನಿಮ್ಮ ಮಗಳು ಓದುತ್ತಾಳೆ. ಓದುವಾಗ ಮೂಗೆಳೆದರೆ ಬೈದು ಮುಂದಕ್ಕೆ ಓದಿಸಿ.

ನೀವು ಮಹಾ ಮೊಂಡರು. ಈ ಒಂದು ಮಾತು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಬೇರೆ ಮಾತೆಲ್ಲ ಬರೆದು ಬರೆದು ಹರಿದುಹಾಕಿದೆ.

ಎಲೆ ಬಂದ ದಿನ ಭೂತಗನ್ನಡಿ ಹಿಡಿದು ಬೆಳಗಿನಿಂದ ನೋಡಿದೆ. ಬೇರೆ ಯಾವುದೋ ಗಿಡದ ಎಲೆ ಕಳಿಸಿದ್ದಾಳೆ ಅಂದುಕೊಂಡೆ. ಆಮೇಲೆ ನಮ್ಮ ತೋಟಕ್ಕೆ ಹೋಗಿ ಬೇರುಗಿಡದ ಸಾಲಿನಲ್ಲಿ ಕೂತೆ. ನನ್ನ ಹತ್ತಿರ ಕಲಿತವರೆಲ್ಲ 'ಏನಾಯ್ತು ಮೇಷ್ಟ್ರೇ?' ಅಂತ ಸುತ್ತ ನಿಂತರು. ನನ್ನ ಮೊದಲ ಕಸಿ ಸತ್ತುಹೋಯಿತಂತೆ ಅಂದೆ. ಯಾವಾಗ ಅಂದರು. ಈಗ ತಾನೇ ಕಾಗದ ಬಂತು ಅಂದೆ.

ನಿಮಗೆ ಈ ಉಪಕಾರ ಮಾಡಿ ಎಂದು ಯಾರು ಕೇಳಿದ್ದರು? ಒಂದು ಕಸಿ ಸತ್ತರೆ ಸತ್ತಿತು ಅನ್ನಬೇಕಿತ್ತು. ನಾನು ಅಳುತ್ತಿದ್ದೆ, ಊಟ ಬಿಡುತ್ತಿದ್ದೆ, ಅಕ್ಕ ಬೈದು ಉಣ್ಣಿಸುತ್ತಿದ್ದಳು, ಇನ್ನೊಂದು ಹಾಕುತ್ತಿದ್ದೆ. ಹೀಗೆಂದು ನಿಮಗೆ ಎಂಟು ಪುಟ ಬರೆದೆ. ಆಮೇಲೆ ಅದನ್ನೂ ಹರಿದೆ. ಯಾಕೆಂದರೆ ಅದು ಸುಳ್ಳು. ನೀವು ಹೇಳಿದ್ದೇ ಸರಿ. ಆ ವರ್ಷ ಚಾಕು ಬಿಸಾಡುತ್ತಿದ್ದೆ. ಬಿಸಾಡಲು ಒಂದು ನೆಪಕ್ಕಾಗಿ ಕಾಯುತ್ತಿದ್ದೆ. ನಿಮ್ಮ ಒಂದು ಸಾಲಿನ ಕಾಗದ ಬಂತು, ಉಳಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದಿರುವುದು ಇದಕ್ಕೇ. ನಲವತ್ತು ವರ್ಷ ಬೈದದ್ದಕ್ಕೆ ಒಂದು ನ್ಯಾಯವಾದ ಕಾರಣವನ್ನೂ ನನಗೆ ಉಳಿಸಲಿಲ್ಲ ನೀವು.

ಅಕ್ಕ ಹೋದ ದಿನ ಗೇಟಿನಿಂದ ಹಿಂದಕ್ಕೆ ಹೋದೆ. ಅದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ, ಭಾವ?

ಕಾರ್ಯದರ್ಶಿಗೆ ಇವತ್ತೇ ಬರೆದು ಹಾಕಿದ್ದೇನೆ. ತಾಯಿ, ಕಾಡು ಬಿಳಿ. ತಂದೆ, ಕುಂಡದ ಕೆಂಪು. ಕೂಡಿಸಿದವರು, ನೀವು. ನೀವು ಬರೆಸಿದ್ದರಲ್ಲಿ ಒಂದಕ್ಷರ ಬದಲಾಗಬಾರದು, ಬದಲಾದರೆ ಸಂಘದ ಬಾಗಿಲಿಗೆ ಬಂದು ಕೂರುತ್ತೇನೆ ಎಂದು ಬರೆದಿದ್ದೇನೆ. ಆ ಬಡಪಾಯಿ ನನ್ನ ಹಿಂದಿನ ನಾಲ್ಕು ಪುಟವನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ತಲೆ ಚಚ್ಚಿಕೊಳ್ಳುತ್ತಾನೆ, ಚಚ್ಚಿಕೊಳ್ಳಲಿ.

ಭಾನುವಾರದ ರೈಲಿಗೆ ಹೊರಡುತ್ತೇನೆ. ಬೆಳ್ಳಿಬಳ್ಳಿಯ ನಾಲ್ಕು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಗೋಡೆಯ ಆ ಕೊನೆಯಲ್ಲಿ, ಗೋಡೆಯವಳಿಗೆ ತಾಗದ ಹಾಗೆ, ಒಂದು ಒಳ್ಳೆಯ ಬೇರುಗಿಡ ನೋಡಿ ಇಡಲು ಕತ್ತರಿಗೆ ಹೇಳಿ. ತೊಗಟೆ ಸೀಳಿ ಕೂರಿಸುವುದು ನಾನು. ಕಟ್ಟುವುದು ನೀವು. ಗಂಟು ಹಾಕಲು ಬೆಳಕು ಬೇಕಾಗಿಲ್ಲ, ನಿಮ್ಮ ಬೆರಳಿಗೆ ಅದು ಗೊತ್ತಿದೆ. ನನ್ನದು ಆಗಲೂ ಸಡಿಲ, ಈಗಂತೂ ಕೈ ನಡುಗುತ್ತದೆ.

ಈ ಸಲ ಸತ್ತರೆ ಮಾತ್ರ ಬಾಯಿಬಿಟ್ಟು ಹೇಳಿ.

ನಿಮ್ಮ
ಹೆಂಡತಿಯ ತಮ್ಮ